ಅಚ್ಚಿನೊಳಗಿನ ಗಿಳಿ

ನಾಗಮಂಗಲ
ಶಕ ೧೭೨೦, ಕಾಳಯುಕ್ತಿ ಸಂವತ್ಸರ, ಆಶ್ವೀಜ ಶುದ್ಧ ದ್ವಾದಶಿ

ತಮ್ಮ ನಂಜಾಚಾರಿಗೆ ಅಣ್ಣ ಚೌಡಾಚಾರಿಯ ಆಶೀರ್ವಾದ.

ಕಾಳಿಕಾಂಬೆಯ ದಯೆಯಿಂದ ಇಲ್ಲಿ ನಾನೂ ನಿಮ್ಮತ್ತಿಗೆಯೂ ಹೊಟ್ಟೆತುಂಬ ಉಂಡು, ಹೊಟ್ಟೆತುಂಬ ಜಗಳವಾಡಿಕೊಂಡು ಇದ್ದೇವೆ. ಗಂಜಾಮಿನಲ್ಲಿ ನೀನೂ ಮಂಗಳಮ್ಮನೂ ಹೇಗಿದ್ದೀರಿ ಎಂದು ಬರೆದು ಎಲೆ ಮಾರುವ ಕರಿಗೌಡನ ಕೈಲಿ ಕಳಿಸು. ಅವನು ವೀಳ್ಯದೆಲೆಯ ನಡುವೆ ಕಾಗದ ಇಟ್ಟುಕೊಂಡು ಬರುತ್ತಾನೆ. ಒದ್ದೆಯಾಗುತ್ತದೆ, ಆದರೆ ಕಳೆಯುವುದಿಲ್ಲ.

ಪಟ್ಟಣದ ಎರಕದ ಮನೆಯವರು ‘ಆಚಾರ್ರೆ, ನಿಮ್ಮ ಕಣ್ಣು ಮಂಜಾಯ್ತು, ಊರಿಗೆ ಹೋಗಿ ಮುದ್ದೆ ಉಂಡ್ಕೊಂಡಿರಿ’ ಎಂದು ಕಳಿಸಿದ ಮೇಲೆ ನನಗೊಂದು ವಿಷಯ ತಿಳಿಯಿತು. ಅರ್ಧ ಆಯುಸ್ಸು ನಾನು ಈ ಮನೆಗೆ ಹಬ್ಬಕ್ಕೆ ಬಂದು ಹೋಗುವ ನೆಂಟನಾಗಿದ್ದೆ. ಈಗ ನೆಂಟ ಹೊರಡುವ ಮಾತೇ ಆಡದೆ ಕೂತುಬಿಟ್ಟಿದ್ದಾನೆ. ನನ್ನನ್ನು ಎಲ್ಲಿಡಬೇಕೆಂದು ನಿಮ್ಮತ್ತಿಗೆ ಸೋಮಮ್ಮನಿಗೆ ಗೊತ್ತಾಗುತ್ತಿಲ್ಲ. ಒಲೆಯ ಹತ್ತಿರ ಕೂತರೆ ಅಡ್ಡ, ಹೊಸ್ತಿಲ ಮೇಲೆ ಕೂತರೆ ದರಿದ್ರ.

ಕೈ ಸುಮ್ಮನಿರುವುದಿಲ್ಲವೆಂದು ಮನೆಯನ್ನು ಚೆಂದ ಮಾಡಲು ಹೊರಟೆ. ಗೋಡೆಗೆ ಸುಣ್ಣ ಬಳಿದು ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆದೆ. ಪಡಸಾಲೆಯಲ್ಲಿ, ಪಟ್ಟಣದ ಗೋಡೆಗಳ ಮೇಲೆ ಕಂಡ ಹಾಗೆ, ಅಂಬಾರಿ ಹೊತ್ತ ಆನೆಗಳ ಸಾಲು ಬರೆದೆ. ನಿಮ್ಮತ್ತಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ‘ಹಂದಿಗಳು ಚೆಂದಾಗಿ ಬಂದವೆ. ಬೆನ್ ಮ್ಯಾಲೆ ಅದೇನು, ಹುಲ್ಲಿನ್ ಹೊರೆಯಾ?’ ಅಂದಳು. ನನಗೆ ಸಿಟ್ಟು ಬಂದದ್ದು ನೋಡಿ ಇನ್ನಷ್ಟು ನಗುತ್ತ, ‘ಕೆಲ್ಸ ಇಲ್ದಿರೋ ಆಚಾರಿ ಮಗನ ಕುಂಡೆ...’ ಎಂದು ಶುರುಮಾಡಿದವಳು ಗಾದೆಯನ್ನು ಅರ್ಧಕ್ಕೇ ನುಂಗಿ ಒಳಗೆ ಹೋದಳು. ಮಗ ಎಂಬ ಮಾತು ನಾಲಿಗೆಗೆ ಬಂದ ಕೂಡಲೇ ಹೀಗಾಗುತ್ತದೆ. ನಿನಗೆ ಗೊತ್ತಲ್ಲ.

ಈಗಿನ ಜಗಳ ಗಿಳಿದೀಪದ್ದು. ಇಷ್ಟು ವರ್ಷ ಅದು ನಡುಮನೆಯ ಕತ್ತಲಲ್ಲಿ ರಾಗಿ ಗುಡಾಣದ ಪಕ್ಕ ನೇತಾಡುತ್ತಿತ್ತು. ಪಡಸಾಲೆಯ ತೊಲೆಗೆ ಕಟ್ಟಿದರೆ ಬಂದವರು ಹೋದವರು ನೋಡಲಿ, ನನ್ನ ಕೈಯಿಂದ ಆದ ಕೆಲಸಗಳಲ್ಲಿ ಅದೊಂದೇ ನನ್ನ ಮನೆಯಲ್ಲಿರುವುದು ಎಂದೆ. ಅವಳು ಒಪ್ಪಲಿಲ್ಲ. ‘ತೊಲೆ ಮ್ಯಾಲೆ ಕಟ್ಟಿದ್ರೆ ನನ್ ಕೈಗೆ ಎಟುಕ್ತದಾ?’ ಅಂದಳು.

ಯಾಕೆ ಎಟುಕಬೇಕು ಎಂದು ನಾನು ಕೇಳಲಿಲ್ಲ. ನಿನಗೂ ನೆನಪಿರಬೇಕು. ಆ ಗಿಳಿಯ ಮೇಣದ ಬೊಂಬೆ ಮಾಡಿ ಜಗಲಿಯ ಮೇಲೆ ಆರಲು ಇಟ್ಟಿದ್ದೆ. ಆಗ ನೀನಿನ್ನೂ ಲಂಗೋಟಿಯ ಹುಡುಗ, ನಮ್ಮ ಮಗಳು ಚೆಲುವಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದೆ. ಅವಳು ಬಗ್ಗಿ ಗಿಳಿಯ ಬೆನ್ನಿಗೆ ಹೆಬ್ಬೆರಳು ಒತ್ತಿಬಿಟ್ಟಳು. ನಿನಗೆ ಬೈದು, ಮೇಣ ಸವರಿ ಸರಿಮಾಡಲು ಕೈಯಿಟ್ಟೆ. ‘ಇರ್ಲಿ ಬುಡಿ’ ಎಂದಳು ನಿಮ್ಮತ್ತಿಗೆ. ಹಾಗೇ ಕಂಚು ಹೊಯ್ದೆ. ಆ ಮಳೆಗಾಲದಲ್ಲೇ ಊರಿಗೆ ಸಿಡುಬು ಬಂತು. ಆಮೇಲೆ ನಮ್ಮ ಮನೆಯ ತೊಲೆಗೆ ತೊಟ್ಟಿಲು ಕಟ್ಟಲಿಲ್ಲ. ಅಂದಿನಿಂದ ಸಂಜೆ ದೀಪ ಹಚ್ಚುವ ಮೊದಲು ಅವಳು ತನ್ನ ತೋರುಬೆರಳನ್ನು ಆ ಕುಳಿಯಲ್ಲಿ ಒಂದು ಗಳಿಗೆ ಇಟ್ಟು, ಆಮೇಲೆ ಬತ್ತಿ ಹೊಸೆಯುತ್ತಾಳೆ.

ಅದಕ್ಕೇ ಒಂದು ಉಪಾಯ. ಏರಿಸಿ ಇಳಿಸುವ ಹಾಗೆ ಉದ್ದನೆಯ ಸರಪಳಿ ಮಾಡಿಸಿ ಕಳಿಸು. ಸಂಜೆ ಅವಳ ಕೈಗೆ ಎಟುಕಲಿ, ಆಮೇಲೆ ನನ್ನ ಆನೆಗಳ ಮೇಲೆ ಬೆಳಕು ಬೀಳಲಿ.

ನಿನ್ನ ಅಣ್ಣ,
ಚೌಡಾಚಾರಿ

*

ಗಂಜಾಂ, ಶ್ರೀರಂಗಪಟ್ಟಣ
ಕಾರ್ತಿಕ ಬಹುಳ ತದಿಗೆ

ಅಣ್ಣನವರಿಗೆ ನಂಜನ ಅಡ್ಡಬಿದ್ದ ನಮಸ್ಕಾರ. ಅತ್ತಿಗೆಗೆ ಇನ್ನೊಂದು ಸಲ.

ಸರಪಳಿ ಕಳಿಸಿದ್ದೇನೆ. ಕಬ್ಬಿಣದ್ದು. ಅತ್ತಿಗೆಯ ದೀಪಕ್ಕೆ ಕಂಚಿನದೇ ಆಗಬೇಕೆಂದು ಆಸೆಯಿತ್ತು. ಆದರೆ ಈಗ ಎರಕದ ಮನೆಯಿಂದ ಕಂಚಿನ ಒಂದು ಚೂರನ್ನೂ ಹೊರಗೆ ಬಿಡುವುದಿಲ್ಲ. ಸಂಜೆ ಹೊರಡುವಾಗ ಬಾಗಿಲಲ್ಲಿ ನಮ್ಮ ಪಂಚೆ ಕೊಡವಿಸಿ ನೋಡುತ್ತಾರೆ. ಸದ್ಯಕ್ಕೆ ಇದನ್ನು ಕಟ್ಟಿರಿ. ಕಂಚಿನದೂ ಒಂದು ದಿನ ಬರುತ್ತದೆ, ನೋಡುತ್ತಿರಿ.

ಆನೆಗಳ ವಿಷಯದಲ್ಲಿ ನಾನು ಅತ್ತಿಗೆಯ ಕಡೆ. ಚಿಕ್ಕಂದಿನಲ್ಲಿ ನೀವು ನನಗೆ ಮಾಡಿಕೊಟ್ಟ ಕುದುರೆಯನ್ನು ಊರ ಹುಡುಗರೆಲ್ಲ ಆಮೆ ಎಂದೇ ಕರೆಯುತ್ತಿದ್ದರು. ಕಂಚಿನಲ್ಲಿ ದೇವರನ್ನು ಇಳಿಸುವ ಕೈ ಗೋಡೆಯ ಮೇಲೆ ಯಾಕೆ ಹೀಗೆ ಎಡವುತ್ತದೋ.

ಗಿಳಿಯ ಮಾತು ಓದಿ ಕೆಲಸಕ್ಕೆ ಹೋಗಲು ಮನಸ್ಸಾಗಲಿಲ್ಲ. ಅವ್ವ ಹೋದ ಮೇಲೆ ಅತ್ತಿಗೆ ನನಗೆ ತುತ್ತಿಟ್ಟದ್ದು ಆ ದೀಪದ ಕೆಳಗೆ. ಚೆಲುವಿಯ ಭಾರ ನನ್ನ ಸೊಂಟಕ್ಕೆ ಈಗಲೂ ನೆನಪಿದೆ. ಆ ದಿನ ಅವಳನ್ನು ಇನ್ನೊಂದು ಕಡೆಗೆ ಎತ್ತಿಕೊಂಡಿದ್ದರೆ ಕೈ ಗಿಳಿಗೆ ಎಟುಕುತ್ತಲೇ ಇರಲಿಲ್ಲ. ನೀವು ಬೈದದ್ದಕ್ಕೆ ಅತ್ತಿದ್ದೆ, ಈಗ ಅಂದು ಆ ಕಡೆ ಎತ್ತಿಕೊಂಡದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಇನ್ನು ಕೆಟ್ಟ ಸುದ್ದಿ. ಕಂಪನಿಯವರು ಮತ್ತೆ ಬರುತ್ತಾರೆಂದು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಹಗಲು ಹಗಲೇ ಅಲ್ಲ, ಹಬ್ಬ ಹಬ್ಬವೇ ಅಲ್ಲ, ಬರೀ ಕೆಲಸ. ಕಂಚು ಸಾಲದೆ ಊರೂರಿಗೆ ಆಳು ಕಳಿಸಿ ಮನೆಗಳ ಕಂಚು ಹಿತ್ತಾಳೆ ಎತ್ತಿಸುತ್ತಾರಂತೆ. ನಿಮ್ಮ ಕಡೆಗೂ ಬರುತ್ತಾರೆ. ಕೆಲಸ ಬಿಟ್ಟುಹೋದ ಹಳಬರಿಗೂ ಫಿರಂಗಿ ಗಾಡಿಯ ಚಕ್ರದ ಬಳೆಗಳಿಗೆ ಅಚ್ಚು ಮಾಡಿಕೊಡಲು ಹೇಳುತ್ತಾರೆ; ಮಾಡಿಟ್ಟ ಅಚ್ಚುಗಳನ್ನು ಬಂಡಿಯಲ್ಲಿ ತರಿಸಿ ಇಲ್ಲಿ ಕಾಯಿಸಿ ಹೊಯ್ಯುವುದು. ಅದನ್ನು ಮಾಡಿಕೊಡಿ, ಬೇಡ ಎನ್ನಬೇಡಿ. ಆದರೆ ಗಿಳಿದೀಪವನ್ನು ಇಂದೇ ಎಲ್ಲಾದರೂ ಮರೆಮಾಡಿ. ಬೇರೆ ಏನು ಹೋದರೂ ಹೋಗಲಿ.

ನಿಮ್ಮ
ನಂಜ

*

ನಾಗಮಂಗಲ
ಪುಷ್ಯ ಶುದ್ಧ ಅಷ್ಟಮಿ

ನಂಜನಿಗೆ ಆಶೀರ್ವಾದ.

ನೀನು ಹೇಳಿದ ಹಾಗೇ ಬಂದರು. ಚೊಂಬು, ಹರಿವಾಣ, ಗಿಂಡಿ, ನಿಮ್ಮತ್ತಿಗೆ ತವರಿಂದ ತಂದ ಕೊಡ, ಕೊನೆಗೆ ದನದ ಕೊರಳ ಗಂಟೆ ಕೂಡ ಹೋಯಿತು. ಎಮ್ಮೆಗೂ ದುಃಖವಾಗಿರಬೇಕು, ಅಂದು ಹಾಲು ಇಳಿಸಲಿಲ್ಲ. ಕೇರಿಯಲ್ಲಿ ಯಾರ ಮನೆಯಲ್ಲೂ ಈಗ ತಟ್ಟೆಯ ಸದ್ದಿಲ್ಲ, ಎಲ್ಲರೂ ಮಡಕೆಯಲ್ಲಿ ಉಣ್ಣುತ್ತಿದ್ದೇವೆ.

ಗಿಳಿ ಹೋಗಲಿಲ್ಲ! ಹೇಗೆಂದು ಕೇಳು.

ಹಿತ್ತಿಲಲ್ಲಿ ಹೂತಿಡೋಣ ಎಂದೆ. ಆದರೆ ಅವರು ಭರ್ಜಿಯಿಂದ ನೆಲ ತಿವಿದು ನೋಡುತ್ತಾರೆಂದು ಪಕ್ಕದ ಮನೆಯ ತಮ್ಮಯ್ಯ ಬೀದಿಯಲ್ಲಿ ಹೇಳುತ್ತಿದ್ದ. ನಿಮ್ಮತ್ತಿಗೆಯಂತೂ ಹೂಳುವ ಮಾತಿಗೇ ಕಿವಿ ಮುಚ್ಚಿಕೊಂಡಳು. ‘ಒಂದ್ಸಲ ಮಣ್ಗಿಟ್ಟಿದ್ದು ಸಾಕು’ ಎಂದಳು. ನಾನು ಕೊಟ್ಟಿಗೆಗೆ ಹೋಗಿ ಕೂತೆ. ಅಲ್ಲಿ ಚಕ್ರದ ಬಳೆಗಳಿಗೆಂದು ಮಾಡಿಟ್ಟ ಅಚ್ಚುಗಳು ಸಾಲಾಗಿ ಒಣಗುತ್ತಿದ್ದವು. ಅವನ್ನು ನೋಡುತ್ತ ನೋಡುತ್ತ ತಲೆಗೆ ಹೊಳೆಯಿತು.

ದೀಪಕ್ಕೇ ಮಣ್ಣು ಮೆತ್ತಿದೆ. ಮೇಣದ ಬೊಂಬೆಗೆ ಹೇಗೆ ಮೆತ್ತುತ್ತೇವೆಯೋ ಹಾಗೆಯೇ: ಮೊದಲು ಹುತ್ತದ ಮಣ್ಣನ್ನು ನಯವಾಗಿ ಅರೆದು ತೆಳುವಾಗಿ ಸವರಿ, ಒಣಗಿದ ಮೇಲೆ ಹೊಟ್ಟು ಸೇರಿಸಿದ ಮಣ್ಣಿನ ದಪ್ಪ ಹೊದಿಕೆ. ‘ಇದು ಹೂಳುವುದಲ್ಲ, ಹೊದಿಸುವುದು’ ಎಂದು ನಿಮ್ಮತ್ತಿಗೆಗೆ ಹೇಳಿದೆ. ಅವಳೂ ಕೂತು ತಟ್ಟಿದಳು. ಗಿಳಿಯ ಬೆನ್ನಿನ ಕುಳಿಗೆ ಮಣ್ಣು ತುಂಬುವ ಕೆಲಸವನ್ನು ನನಗೆ ಬಿಡಲಿಲ್ಲ.

ಹೊರಗಿನಿಂದ ನೋಡಿದರೆ ಮಣ್ಣಿನ ಮುದ್ದೆ, ಉಳಿದ ಅಚ್ಚುಗಳ ಹಾಗೆ. ಎತ್ತುವಳಿಗೆ ಬಂದವರ ಯಜಮಾನ ಕೋಲಿನಿಂದ ತಟ್ಟಿ ‘ಇದೇನು?’ ಎಂದ. ‘ಸರ್ಕಾರದ ಅಚ್ಚು ಸ್ವಾಮಿ. ಒಳಗೆ ಮೇಣ. ಬೆಂಕಿಗಿಟ್ಟರೆ ಮೇಣ ಕರಗಿ ಈ ಬಾಯಿಂದ ಇಳಿದುಹೋಗುತ್ತದೆ, ಆ ಪೊಳ್ಳಿಗೆ ಕಂಚು ಹೊಯ್ಯುವುದು, ಆರಿದ ಮೇಲೆ ಮಣ್ಣು ಒಡೆಯುವುದು’ ಎಂದು ಪಾಠ ಹೇಳಿದೆ. ತಲೆದೂಗಿ ಹೋದ.

ಹೌದು, ಬಾಯಿಯನ್ನೂ ಇಟ್ಟಿದ್ದೇನೆ. ಹೊಯ್ಯದ ಅಚ್ಚಿಗೆ ಬಾಯಿ ಯಾಕೆ, ಸುಮ್ಮನೆ ಮೇಲೆ ಒಂದು ಗುರುತು ಮಾಡಿದರೆ ಸಾಲದೇ ಎಂದು ನಿಮ್ಮತ್ತಿಗೆ ಕೇಳಿದಳು. ಸುಳ್ಳಾದರೂ ನನ್ನ ಕೈಯಿಂದ ಬಾಯಿಲ್ಲದ ಅಚ್ಚು ಆಗುವುದಿಲ್ಲ ಕಣೆ ಎಂದೆ. ಮೇಣದ ದಾರಿಯನ್ನು ದೀಪದ ತಳದವರೆಗೆ ಸರಿಯಾಗಿ ಕೂರಿಸಿದ್ದೇನೆ. ನೀನು ನೋಡಿದರೂ ಮೋಸ ಹೋಗುತ್ತಿ.

ಗಲಾಟೆ ಮುಗಿದ ಮೇಲೆ ಮಣ್ಣು ಬಿಡಿಸಿ ನಿನ್ನ ಸರಪಳಿಗೆ ಕಟ್ಟುತ್ತೇವೆ. ಸರಪಳಿ ಈಗಲೇ ತೊಲೆಯಿಂದ ಇಳಿಬಿದ್ದಿದೆ, ಖಾಲಿ.

ನಿನ್ನ ಅಣ್ಣ,
ಚೌಡಾಚಾರಿ

*

ನಾಗಮಂಗಲ
ಫಾಲ್ಗುಣ ಶುದ್ಧ ಏಕಾದಶಿ

ನಂಜ,

ಈ ಕಾಗದ ಕೈಗೆ ಬಂದ ಕೂಡಲೇ, ಉಣ್ಣುತ್ತಿದ್ದರೆ ಎದ್ದು, ಎರಕದ ಮನೆಯ ಬೆಂಕಿಕುಳಿಯ ಹತ್ತಿರ ಓಡು. ನಾಗಮಂಗಲದಿಂದ ಬಂದ ಬಂಡಿಯ ಅಚ್ಚುಗಳಲ್ಲಿ ನಮ್ಮ ಗಿಳಿ ಇದೆ. ಬೆಂಕಿಗೆ ಇಡಲು ಬಿಡಬೇಡ. ಉಳಿದವು ಬಳೆಯ ಅಚ್ಚು, ದುಂಡಗೆ. ಇದು ಸ್ವಲ್ಪ ಉದ್ದ, ಎತ್ತಿದರೆ ಕೈಗೆ ಭಾರ ತಿಳಿಯುತ್ತದೆ.

ನಿಮ್ಮತ್ತಿಗೆಯ ತಂಗಿ ಬೆಟ್ಟಮ್ಮನಿಗೆ ಜ್ವರವೆಂದು ಸುದ್ದಿ ಬಂದು ನಾವಿಬ್ಬರೂ ಮಾಕವಳ್ಳಿಗೆ ಹೋಗಿದ್ದೆವು. ಆ ಹೊತ್ತಿನಲ್ಲೇ ಪಟ್ಟಣದ ಬಂಡಿ ಬಂದಿದೆ. ನಾವಿಲ್ಲದಿದ್ದರೆ ತೊಂದರೆಯಾದೀತೆಂದು ಪಕ್ಕದ ಮನೆಯ ತಮ್ಮಯ್ಯ ಕೊಟ್ಟಿಗೆ ತೆಗೆದು, ಇರುವುದನ್ನೆಲ್ಲ ತಾನೇ ಹೊತ್ತು ತುಂಬಿದ್ದಾನೆ. ನಾವು ಬಂದಾಗ ನಗುನಗುತ್ತ ಎದುರಿಗೆ ಬಂದು, ‘ಒಂದೂ ಬಿಡ್ದಂಗೆ ಕಳ್ಸಿವ್ನಿ ಕಣಣ್ಣೋ, ಹುಲ್ಲು ಹಾಸಿ ಇಟ್ಟಿವ್ನಿ, ಒಂದೂ ಒಡೆಯಾಕಿಲ್ಲ’ ಎಂದ. ದೀಪದ ಗುಟ್ಟು ಅವನಿಗೆ ಹೇಳಿರಲಿಲ್ಲ. ನಿಮ್ಮತ್ತಿಗೆ ಕೊಟ್ಟಿಗೆಯ ಬರಿ ನೆಲ ನೋಡಿ ಅಲ್ಲೇ ಕೂತಳು.

ಬಂಡಿಯ ಹಿಂದೆಯೇ ಹೊರಟೆ. ಮೊಣಕಾಲು ಎಷ್ಟು ನಡೆಸಿತೋ ಅಷ್ಟು ನಡೆದೆ. ಹಿರೋಡೆಯ ಚೌಕಿಯಲ್ಲಿ ತಡೆದರು. ‘ರಹದಾರಿ ಐತಾ ಮುದ್ಕಪ್ಪ? ಪಟ್ಣಕ್ಕೆ ಯಾಕೆ?’ ಅಂದರು. ಯಾಕೆಂದು ಹೇಳಲಿ ನಂಜ? ಸರ್ಕಾರದ ಬಂಡಿಯಲ್ಲಿ ನನ್ನ ದೀಪ ಇದೆ ಎಂದರೆ ಬಚ್ಚಿಟ್ಟವನು ನಾನೇ ಎಂದು ಒಪ್ಪಿದ ಹಾಗೆ. ತಮ್ಮನನ್ನು ನೋಡಬೇಕು ಎಂದೆ. ‘ಈಗ ತಮ್ದೀರ್ನ ನೋಡೋ ಕಾಲ ಅಲ್ಲ, ವಾಪಸ್ ಹೋಗು’ ಎಂದು ಹೆಗಲು ಹಿಡಿದು ತಿರುಗಿಸಿದರು. ಚೌಕಿಯಾಚೆ ದಿಬ್ಬದ ಮೇಲೆ ಬಂಡಿಗಳ ಸಾಲು ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ದೂರ. ಕೂಗಲು ನನಗೆ ಮಾತಿರಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಈಗ ಕೊಟ್ಟಿಗೆಗೆ ಅಗುಳಿ ಹಾಕಿಕೊಂಡು ಕೂತಿದ್ದೇನೆ. ಕರಿಗೌಡನಿಗೆ ಎಲೆ ಬಂಡಿಯ ರಹದಾರಿ ಇದೆ, ಅವನೇ ನಮಗೆ ದಿಕ್ಕು.

ಚೌಡಾಚಾರಿ

*

ಗಂಜಾಂ
ಫಾಲ್ಗುಣ ಬಹುಳ ಪಂಚಮಿ

ಅಣ್ಣನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದಾಗ ಬಂಡಿಯ ಅಚ್ಚುಗಳೆಲ್ಲ ಬೆಂಕಿಕುಳಿಯಲ್ಲಿದ್ದವು. ದಾರಿಯಲ್ಲಿ ದಂಡು ಹಾಯುತ್ತಿತ್ತೆಂದು ಕರಿಗೌಡನನ್ನು ತಡೆದಿದ್ದರು. ಅವನನ್ನು ಬೈಯಬೇಡಿ. ತಮ್ಮಯ್ಯನನ್ನೂ ಬೈಯಬೇಡಿ.

ನಿಮ್ಮ ಕಾಲದಲ್ಲಿ ಅಚ್ಚನ್ನು ಬಾಯಿ ಕೆಳಗೆ ಮಾಡಿಟ್ಟು ಬೆರಣಿಯ ಬೆಂಕಿಯಲ್ಲಿ ನಿಧಾನವಾಗಿ ಮೇಣ ಇಳಿಸುತ್ತಿದ್ದೆವು. ಈಗ ಅಷ್ಟು ತಾಳ್ಮೆ ಯಾರಿಗಿದೆ? ಇದ್ದಿಲು ಸುರಿದು ತಿದಿ ಹಚ್ಚುತ್ತಾರೆ. ಅಂಥ ಬೆಂಕಿಯಲ್ಲಿ ಕಬ್ಬಿಣವೂ ಬಾಗುತ್ತದೆ. ನಾನು ಓಡಿಹೋಗಿ ನೋಡಿದಾಗ ಉಳಿದ ಅಚ್ಚುಗಳ ಮೇಣ ಇಳಿದು ಮುಗಿದಿತ್ತು. ಒಂದರ ಬಾಯಿಂದ ಮಾತ್ರ ಕೆಂಪಗೆ ಹರಿಯುತ್ತಿತ್ತು.

ಅಣ್ಣ, ಬುದ್ಧಿ ಬಂದಾಗಿನಿಂದ ಕಂಚು ಅಚ್ಚಿನೊಳಗೆ ಹೋಗುವುದನ್ನು ಕಂಡಿದ್ದೇನೆ. ಹೊರಗೆ ಬರುವುದನ್ನು ಕಂಡದ್ದು ಅಂದೇ.

ಪಕ್ಕದಲ್ಲಿದ್ದ ಮೇಲಾಳು ‘ಇದೇನ್ಲಾ ನಂಜ, ಮೇಣ ಕಂಚಾಗೋಯ್ತಾ? ನಿಮ್ಮೂರ ಆಚಾರ್ರು ಮಾಟ ಮಾಡವ್ರಾ?’ ಎಂದು ನಕ್ಕ. ನಾನೂ ನಕ್ಕೆ. ನಗದಿದ್ದರೆ ನಿಮ್ಮ ಬಾಗಿಲಿಗೆ ಆಳು ಬರುತ್ತಿದ್ದರು. ಹಳೆಯ ಕಂಚಿನ ಚೂರು ಏನೋ ಸೇರಿಕೊಂಡಿರಬೇಕು ಎಂದೆ. ‘ಎತ್ತಿ ಮೂಸೆಗಾಕು’ ಎಂದ. ಹರಿದು ಗಟ್ಟಿಯಾದದ್ದನ್ನು ಇಕ್ಕಳದಲ್ಲಿ ಎತ್ತಿ ಮೂಸೆಗೆ ಹಾಕಿದವನು ನಾನೇ. ಸಂಜೆ ಅದನ್ನು ಫಿರಂಗಿಗೆ ಹೊಯ್ದರು.

ಇನ್ನೊಂದು ಮಾತನ್ನು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನೀವು ಆ ಅಚ್ಚಿಗೆ ಬಾಯಿ ಇಡದೆ ಹೋಗಿದ್ದರೆ ಕಂಚು ಒಳಗೇ ಕರಗಿ ಒಳಗೇ ಹೆಪ್ಪುಗಟ್ಟುತ್ತಿತ್ತು. ಗಿಳಿ ಗಿಳಿಯಾಗಿಯೇ ಉಳಿಯುತ್ತಿತ್ತು. ಇಷ್ಟು ಹೊತ್ತಿಗೆ ನೀವೂ ಇದನ್ನು ಯೋಚಿಸಿರುತ್ತೀರಿ. ಒಬ್ಬರೇ ಯೋಚಿಸುತ್ತ ಕೂರಬೇಡಿ ಎಂದು ಬರೆದೆ.

ಅಚ್ಚು ಉಳಿದಿದೆ. ಬಿರುಕು ಬಿಟ್ಟಿದೆ, ಕೆಲಸಕ್ಕೆ ಬಾರದು ಎಂದು ಸುಳ್ಳು ಹೇಳಿ ಎತ್ತಿಕೊಂಡು ಬಂದೆ. ಬಿರುಕಿಲ್ಲ. ದೀಪ ಕೂತಿದ್ದ ಜಾಗ ಒಳಗೆ ಹಾಗೆಯೇ ಇದೆ: ಬಟ್ಟಲು, ಗಿಳಿ, ಅದರ ಬೆನ್ನಿನ ಗುರುತು, ಎಲ್ಲವೂ. ಕಂಚು ಹೊಯ್ದರೆ ಅದೇ ದೀಪ ಮತ್ತೆ ಬರುತ್ತದೆ. ಒಂದೇ ಒಂದು ಸಲ. ಹುಲ್ಲು ಸುತ್ತಿ ಕರಿಗೌಡನ ಬಂಡಿಯಲ್ಲಿ ಕಳಿಸುತ್ತಿದ್ದೇನೆ. ಒಳಗೆ ನೋಡುವ ಆಸೆಗೂ ಒಡೆಯಬೇಡಿ. ಈ ಗಲಾಟೆ ಮುಗಿದ ಮೇಲೆ ಕಂಚು ಹೊತ್ತುಕೊಂಡು ನಾನೇ ಬರುತ್ತೇನೆ, ನಾನೇ ಹೊಯ್ಯುತ್ತೇನೆ. ನಂಜ ಮಾತು ಕೊಟ್ಟಿದ್ದಾನೆ ಎಂದು ಅತ್ತಿಗೆಗೆ ಹೇಳಿ.

ಕಂಪನಿಯ ದಂಡು ಹತ್ತಿರ ಬಂದಿದೆ ಅನ್ನುತ್ತಾರೆ. ಮಂಗಳಮ್ಮನನ್ನು ನಾಳೆ ಅತ್ತಿಗುಪ್ಪೆಗೆ, ಅವಳ ತವರಿಗೆ ಕಳಿಸುತ್ತಿದ್ದೇನೆ. ನನಗೆ ಹೊರಡಲು ಅಪ್ಪಣೆಯಿಲ್ಲ.

ನಿಮ್ಮ
ನಂಜ

*

ನಾಗಮಂಗಲ
ಸಿದ್ಧಾರ್ಥಿ ಸಂವತ್ಸರ, ವೈಶಾಖ ಬಹುಳ ಬಿದಿಗೆ

ನಂಜನಿಗೆ ಆಶೀರ್ವಾದ.

ಅಚ್ಚು ಬಂತು. ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದೇವೆ. ನನ್ನ ಕೈಯಿಂದ ಆದ ಅಚ್ಚುಗಳಲ್ಲಿ ಇದಕ್ಕಿಂತ ಚೆನ್ನಾದದ್ದು ಇಲ್ಲ, ಅದೇ ನನ್ನ ಹಣೆಬರಹ. ಸೋಮಮ್ಮ ಅಚ್ಚಿನ ಬಾಯಿಯ ಬಗ್ಗೆ ಒಂದು ಮಾತೂ ಆಡಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಪಟ್ಟಣದ ಸುದ್ದಿ ಇಲ್ಲಿಗೂ ಬಂದಿದೆ. ಕೋಟೆ ಬಿತ್ತಂತೆ, ಊರೆಲ್ಲ ಸೂರೆಯಾಯಿತಂತೆ. ಗಂಟು ಹೊತ್ತವರು, ಗಂಟೂ ಇಲ್ಲದವರು ನಮ್ಮ ಬೀದಿಯಲ್ಲೇ ಹಾದುಹೋದರು. ಒಬ್ಬೊಬ್ಬರನ್ನೂ ನಿಲ್ಲಿಸಿ, ಎರಕದ ಮನೆಯ ನಂಜಾಚಾರಿಯನ್ನು ಕಂಡಿರಾ ಎಂದು ಕೇಳಿದೆ. ಯಾರೂ ಕಂಡಿಲ್ಲ. ಹೋದ ಸಲ ಕೋಟೆ ಸೂರೆಯ ಗಾದೆ ಬರೆದದ್ದು ನೆನೆಸಿಕೊಂಡರೆ ನನ್ನ ಕೈ ಕಡಿದುಕೊಳ್ಳಬೇಕು ಅನ್ನಿಸುತ್ತದೆ.

ಚೈತ್ರದಲ್ಲಿ ದಕ್ಷಿಣದ ಕಡೆಯಿಂದ ಗುಡುಗಿನ ಹಾಗೆ ಸದ್ದು ಕೇಳುತ್ತಿತ್ತು. ಮೋಡವಿರಲಿಲ್ಲ. ನಿಮ್ಮತ್ತಿಗೆ ಮೊರದಲ್ಲಿ ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸಿ, ‘ಅದ್ರೊಳಗೆ ನಮ್ ಗಿಳಿ ಐತೆ’ ಎಂದಳು. ಮತ್ತೆ ಕೇರತೊಡಗಿದಳು.

ಇನ್ನು ಮುಂದಿನದು ಅವಳ ಮಾತು. ತಿದ್ದಬೇಡ ಎಂದಿದ್ದಾಳೆ, ತಿದ್ದುವುದಿಲ್ಲ.

‘ನಂಜ, ನಾನು ಅತ್ತಿಗೆ ಕಣಪ್ಪ. ನೀನು ನಿನ್ ಕೈಯಾರೆ ಮೂಸೆಗಾಕ್ದೆ ಅಂತ ಕೊರಗ್ತಾ ಇದ್ದೀಯೇನೋ. ಕೊರಗ್ಬ್ಯಾಡ. ಅವತ್ತು ಆ ಮಗೀನ ಎತ್ಕೊಂಡಿದ್ದೋನೂ ನೀನೇ, ಇವತ್ತು ಕಳಿಸ್ಕೊಟ್ಟೋನೂ ನೀನೇ. ಯಾವ್ದೋ ಗುರ್ತಿಲ್ದಿರೋ ಕೈ ಆಗೋ ಬದ್ಲು ನಿನ್ ಕೈ ಆಯ್ತಲ್ಲ. ದೀಪ ಹೋದ್ರೆ ಹೋಯ್ತು. ನೀನು ಎಲ್ಲಿದ್ದೀಯ ಅಂತ ಒಂದ್ ಮಾತು ಹೇಳ್ಕಳ್ಸು. ಊಟಕ್ಕೆ ಏನ್ ಮಾಡ್ತಿದ್ದೀಯ? ಬಿಸ್ಲಲ್ಲಿ ತಲೆಗೆ ಬಟ್ಟೆ ಕಟ್ಕೋ.’

ಇಷ್ಟು ಹೇಳಿ ಎದ್ದುಹೋದಳು. ನನಗೆ ಬರೆಯಲು ಬೇರೆ ಏನೂ ಇಲ್ಲ.

ನಿನ್ನ ಅಣ್ಣ,
ಚೌಡಾಚಾರಿ

*

ನಾಗಮಂಗಲ
ಶ್ರಾವಣ ಶುದ್ಧ ದಶಮಿ

ನಂಜನಿಗೆ ಆಶೀರ್ವಾದ.

ಮೊದಲೇ ಹೇಳಿಬಿಡುತ್ತೇನೆ. ಅಚ್ಚನ್ನು ಒಡೆದೆವು. ಸಿಟ್ಟು ಮಾಡಿಕೊಳ್ಳಬೇಡ, ಪೂರ್ತಿ ಓದು.

ಕರಿಗೌಡ ಮತ್ತೆ ಪಟ್ಟಣಕ್ಕೆ ಎಲೆ ಒಯ್ಯತೊಡಗಿದ್ದಾನೆ. ಹೋದ ಕಾಗದವನ್ನು ಅವನು ಗಂಜಾಮಿನಿಂದ ಹಾಗೇ ವಾಪಸು ತಂದ. ನಿನ್ನ ಮನೆಯ ಬಾಗಿಲು ತೆರೆದೇ ಇತ್ತಂತೆ, ಒಳಗೆ ಒಂದು ಮೇಕೆ ಮಲಗಿತ್ತಂತೆ. ಚೈತ್ರದ ಅಮಾವಾಸ್ಯೆಗೆ ಮುಂಚೆ ಎರಕದವರನ್ನೆಲ್ಲ ಕೋಟೆಯೊಳಕ್ಕೆ ಕರೆದರು, ನೀನೂ ಹೋದೆ ಎಂದು ನೆರೆಯವನೊಬ್ಬ ಹೇಳಿದನಂತೆ. ಹೊರಗೆ ಬಂದದ್ದನ್ನು ಅವನು ಕಾಣಲಿಲ್ಲ. ಕಾಣಲಿಲ್ಲ ಎಂದರೆ ಬರಲಿಲ್ಲ ಎಂದಲ್ಲ ಎಂದು ನಾನು ಕರಿಗೌಡನಿಗೆ ಹೇಳಿದೆ. ಅವನು ಹೌದು ಹೌದು ಎಂದ.

ಮಂಗಳಮ್ಮ ಅತ್ತಿಗುಪ್ಪೆಯಿಂದ ಇಲ್ಲಿಗೇ ಬಂದಿದ್ದಾಳೆ. ನೀನು ಬರುವುದಾದರೆ ಮೊದಲು ಇಲ್ಲಿಗೇ ಬರುತ್ತೀಯ ಎಂದು ಅವಳ ಎಣಿಕೆ. ಬರುವಾಗ ಒಂದು ಬಟ್ಟೆಯ ಚೀಲ ತಂದಳು. ನಾನು ಬಿಚ್ಚಿ ನೋಡಿದೆ. ಕಂಚಿನ ಚೂರು, ಹುರುಳಿಕಾಳಿನಷ್ಟು, ಕಡಲೆಯಷ್ಟು. ಎಲ್ಲಿಂದ ಬಂತಮ್ಮ, ಬಾಗಿಲಲ್ಲಿ ಪಂಚೆ ಕೊಡವಿಸುತ್ತಿದ್ದರಲ್ಲ ಎಂದೆ. ‘ಬಾಯೊಳಗೆ ಇಟ್ಕೊಂಡು ಬರ್ತಿದ್ರು ಭಾವ. ಸಂಜೆ ಬಂದ್ರೆ ಮೊದ್ಲು ಕಂಚು ಉಗುಳೋರು, ಆಮ್ಯಾಕೆ ಮಾತು. ಅತ್ತಿಗೆ ದೀಪಕ್ಕೆ ಸರಪಳಿ ಮಾಡ್ತೀನಿ ಅಂತ ಶುರು ಮಾಡಿದ್ರು. ಕೊನೆ ದಿನ ಸರಪಳಿಗಲ್ಲ, ದೀಪಕ್ಕೇ ಅಂದ್ರು’ ಎಂದಳು. ಅಂಗೈಯಲ್ಲಿ ಹಿಡಿದು ತೂಗಿ ನೋಡಿದೆ. ಅದು ಗಿಳಿಯ ಒಂದು ರೆಕ್ಕೆಗೂ ಸಾಲದು ನಂಜ. ಎಷ್ಟು ಸಂಜೆ ನೀನು ಮಾತಾಡದೆ ಮನೆಗೆ ನಡೆದಿರಬೇಕು.

ಇನ್ನಷ್ಟು ಕಂಚಿಗಾಗಿ ಊರೆಲ್ಲ ತಿರುಗಿದೆ. ಕಂಚುಗಾರರ ಊರಿನಲ್ಲಿ ಕಂಚಿಲ್ಲ. ಎಲ್ಲರ ಮನೆಯದೂ ಒಂದೇ ದಾರಿ ಹಿಡಿದು ಹೋಗಿದೆ.

ನಿನ್ನೆ ನಿಮ್ಮತ್ತಿಗೆ ಗೂಡಿನಿಂದ ಅಚ್ಚನ್ನು ಎತ್ತಿ ತಂದು ನನ್ನ ಮುಂದೆ ಇಟ್ಟಳು. ‘ಒಡೀರಿ’ ಎಂದಳು. ನಂಜ ಒಡೆಯಬೇಡ ಎಂದಿದ್ದಾನೆ, ಅವನೇ ಬಂದು ಹೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದಾನೆ ಎಂದೆ.

‘ಅದ್ಕೇ ಕಣೇಳಿ ಒಡೀರಿ ಅಂತಿರೋದು. ಅವ್ನು ಚಿಕ್ಕೋನಿದ್ದಾಗ್ಲಿಂದ ನಂಗೊತ್ತು. ಮಾತು ಕೊಟ್ಟವ್ನೆ, ಕಂಚು ಸಿಕ್ಕಿಲ್ಲ, ಬರಿಗೈಲಿ ಎಂಗೆ ಮುಖ ತೋರ್ಸೋದು ಅಂತ ಎಲ್ಲೋ ಅಲೀತಾ ಅವ್ನೆ. ಅಚ್ಚೇ ಇಲ್ಲ ಅಂತ ಗೊತ್ತಾದ್ರೆ ಬರಿಗೈಲಾದ್ರೂ ಬತ್ತಾನೆ.’

ಮಂಗಳಮ್ಮ ಬಾಗಿಲ ಹತ್ತಿರ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಾಗಲ್ಲ ಕಣೆ ಎಂದು ಹೇಳಲು, ಹಾಗಲ್ಲದಿದ್ದರೆ ಹೇಗೆ ಎಂದು ಹೇಳಬೇಕಾಗುತ್ತಿತ್ತು. ಅದನ್ನು ಆ ಇಬ್ಬರು ಹೆಂಗಸರ ಮುಂದೆ ಹೇಳುವ ಎದೆ ನನಗಿಲ್ಲ. ಸುತ್ತಿಗೆ ತಂದೆ. ಅವಳೇ ಇಸಿದುಕೊಂಡು ಒಂದು ಪೆಟ್ಟು ಹಾಕಿದಳು.

ಮಣ್ಣು ನಾಲ್ಕಾರು ತುಂಡಾಯಿತು. ಒಳಮೈ ಬೆಂದು ಕರಿ ಹಿಡಿದಿತ್ತು. ಬಟ್ಟಲಿನ ದುಂಡು, ಗಿಳಿಯ ಗರಿಗಳು, ಎಲ್ಲ ತಿರುವುಮುರುವಾಗಿ, ಉಬ್ಬಿದ್ದು ತಗ್ಗಾಗಿ, ತಗ್ಗಾದದ್ದು ಉಬ್ಬಿ. ಅವಳು ಗಿಳಿಯ ಬೆನ್ನಿನ ತುಂಡನ್ನು ಹುಡುಕಿ ತೊಡೆಯ ಮೇಲಿಟ್ಟುಕೊಂಡು, ಅಭ್ಯಾಸದಂತೆ ತೋರುಬೆರಳಿನಿಂದ ಆ ಕುಳಿಗಾಗಿ ತಡವಿದಳು. ಕುಳಿ ಇರಲಿಲ್ಲ. ಅಲ್ಲಿ ಒಂದು ಸಣ್ಣ ಉಬ್ಬಿತ್ತು. ಮತ್ತೆ ತಡವಿದಳು. ಹೆಬ್ಬೆರಳು ತೋರುಬೆರಳು ಎರಡರಲ್ಲೂ ಅದನ್ನು ಹಿಡಿದಳು.

‘ಅಯ್ಯೋ, ಇದು ಮಗೀನ ಬೆಳ್ಳು ಕಣೇಳಿ.’

ಹೌದು ನಂಜ. ಆಯುಸ್ಸೆಲ್ಲ ಎರಕ ಹೊಯ್ದ ನನಗೆ ಇದು ಹೊಳೆದಿರಲಿಲ್ಲ. ಕಂಚಿನಲ್ಲಿದ್ದದ್ದು ಬೆರಳು ಒತ್ತಿಹೋದ ಕುಳಿ. ಆ ಕುಳಿಗೆ ಅವಳೇ ತುಂಬಿದ ಮಣ್ಣು ಬೆಂದು ಬೆರಳಾಗಿದೆ. ಚೆಲುವಿಯ ಹೆಬ್ಬೆರಳ ತುದಿ, ಇದ್ದಷ್ಟೇ ದೊಡ್ಡದು, ಅದರ ಗೆರೆಗಳ ಸಮೇತ. ಇಷ್ಟು ವರ್ಷ ಸಂಜೆ ಸಂಜೆ ಅವಳು ಮುಟ್ಟುತ್ತಿದ್ದದ್ದು ಬೆರಳಿಲ್ಲದ ಜಾಗವನ್ನು. ನಿನ್ನೆ ಬೆರಳನ್ನೇ ಹಿಡಿದುಕೊಂಡಳು. ಹಿಡಿದದ್ದನ್ನು ಕತ್ತಲಾಗುವವರೆಗೆ ಬಿಡಲಿಲ್ಲ. ದೀಪವನ್ನು ಮಂಗಳಮ್ಮ ಹಚ್ಚಿದಳು, ಮಣ್ಣಿನ ಹಣತೆ, ನಿನ್ನ ಸರಪಳಿಗೆ ನೆಲುವು ಕಟ್ಟಿ. ನನ್ನ ಆನೆಗಳ ಮೇಲೆ ಬೆಳಕು ಬಿತ್ತು. ನಿಜವಾಗಿಯೂ ಅವು ಹಂದಿಗಳೇ.

ಈ ಕಾಗದವನ್ನು ಕರಿಗೌಡ ಗಂಜಾಮಿನಲ್ಲಿ ನಿನ್ನ ಮನೆಯ ಗೂಡಿನಲ್ಲಿ ಇಟ್ಟು ಬರುತ್ತಾನೆ. ಅಲ್ಲಿ ಸಿಗದಿದ್ದರೆ ಎಂದು, ಹಿರೋಡೆಯ ಚೌಕಿಯಲ್ಲಿ ಬಾಯಿಮಾತಿನಲ್ಲೂ ಹೇಳಿಡಲು ಹೇಳಿದ್ದೇನೆ. ಈಗ ಅಲ್ಲಿ ಯಾರ ಆಳುಗಳಿದ್ದಾರೋ.

ಇನ್ನು ನೀನು ಹೊಯ್ಯಬೇಕಾದ ಎರಕ ಯಾವುದೂ ಇಲ್ಲಿಲ್ಲ. ಕಂಚು ಹುಡುಕಬೇಡ. ಬರಿಗೈಯಲ್ಲಿ ಬಾ.

ನಿನ್ನ ಅಣ್ಣ,
ಚೌಡಾಚಾರಿ